ನಡುಬೆರಳ ಹಿಂಬದಿಯ ನೋವು: ನ್ಯಾಷನಲ್ಸ್‌ಗೆ ಆರು ವಾರ ಇರುವಾಗ

ಈ ಪ್ರಕರಣದ ಹುಡುಗನಿಗೆ ಆಗ ಹದಿನಾಲ್ಕೂವರೆ ವರ್ಷ. ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರ್, ಅಮ್ಮ ಅಂಗನವಾಡಿ ಟೀಚರ್. ಹುಡುಗ ಚಿಕ್ಕಮಗಳೂರಿನ ಅಜ್ಜಿ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದ. ಸ್ಪೋರ್ಟ್ ಕ್ಲೈಂಬಿಂಗ್, ಅಂದರೆ ಗೋಡೆ ಹತ್ತುವ ಆಟದ ಸೌತ್ ಝೋನ್ ಸ್ಪರ್ಧೆಗೆ ಹೋಗಿ, ಬೋಲ್ಡರಿಂಗ್ ಮತ್ತು ಲೀಡ್ ಅನ್ನುವ ಎರಡು ವಿಭಾಗಗಳಲ್ಲೂ ನ್ಯಾಷನಲ್ಸ್‌ಗೆ ಆಯ್ಕೆಯಾಗಿ ಬಂದಿದ್ದ. ಬಂದ ವಾರವೇ ಅವನ ಪಿ.ಟಿ. ಮೇಷ್ಟ್ರು ನನ್ನ ಹತ್ತಿರ ಕರೆದುಕೊಂಡು ಬಂದರು. ಬಲಗೈ ನಡುಬೆರಳು ನೋಯುತ್ತಿತ್ತು. ನ್ಯಾಷನಲ್ಸ್‌ಗೆ ಇನ್ನು ಆರು ವಾರ.

ನಾನು ಇದೇ ಊರಿನಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಹುಡುಗ ಮತ್ತು ಅವನ ಮನೆಯವರ ಒಪ್ಪಿಗೆ ತೆಗೆದುಕೊಂಡು, ಗುರುತು ಸಿಗುವಂಥ ವಿವರ ಬಿಟ್ಟು ಬರೆಯುತ್ತಿದ್ದೇನೆ. ಬರೆಯೋಕೆ ಕಾರಣ ಇಷ್ಟೇ. ಈ ನೋವು ಹುಡುಗನ ಅತಿ ಉತ್ಸಾಹದಿಂದ ಬಂತು ಅಂತ ಎಲ್ಲರೂ ಹೇಳುತ್ತಿದ್ದರು. ನನಗೆ ಹಾಗನ್ನಿಸಲಿಲ್ಲ. ನಮ್ಮೂರಿನ ಮಳೆ, ಸ್ಪರ್ಧೆಯ ಕ್ಯಾಲೆಂಡರ್, ಹುಡುಗ ಉದ್ದವಾಗುತ್ತಿದ್ದ ವಯಸ್ಸು, ಈ ಮೂರೂ ಒಂದೇ ಸಲ ಸೇರಿಕೊಂಡು ಆ ಬೆರಳನ್ನು ಕೆಡಿಸಿದವು.

ಆಟದ ಬಗ್ಗೆ ಸ್ವಲ್ಪ

ಸ್ಪೋರ್ಟ್ ಕ್ಲೈಂಬಿಂಗ್ ಅಂದರೆ ನಮ್ಮ ಕಡೆ ಈಗಲೂ "ಚಿತ್ರದುರ್ಗದ ಕೋತಿರಾಜ್ ಥರಾನಾ?" ಅಂತಲೇ ಕೇಳುತ್ತಾರೆ. ಅವರು ಹಗ್ಗವಿಲ್ಲದೆ ಕೋಟೆ ಗೋಡೆ ಹತ್ತಿ ಹೆಸರಾದವರು. ಇದು ಬೇರೆ. ಇದಕ್ಕೆ ಅಂತಲೇ ಕಟ್ಟಿದ ಗೋಡೆ, ಕೈಕಾಲು ಊರೋಕೆ ಬೋಲ್ಟ್ ಹಾಕಿ ಬಿಗಿದ ಹೋಲ್ಡ್‌ಗಳು, ಜಡ್ಜ್‌ಗಳು, ಗಡಿಯಾರ ಎಲ್ಲ ಇರುತ್ತವೆ.

ಮೂರು ವಿಭಾಗ. ಸ್ಪೀಡ್‌ಗೆ 15 ಮೀಟರ್ ಗೋಡೆ, ಇಡೀ ಜಗತ್ತಿಗೆ ಒಂದೇ ದಾರಿ, ಒಂದೇ ಥರದ ಹೋಲ್ಡ್‌ಗಳು. ಶ್ರವಣಬೆಳಗೊಳದ ಗೊಮ್ಮಟ 57 ಅಡಿ ಅಂತಾರಲ್ಲ, ಹೆಚ್ಚುಕಡಿಮೆ ಅವನ ಹೆಗಲಷ್ಟು ಎತ್ತರ. ಅದನ್ನು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸ್ಯಾಮ್ ವಾಟ್ಸನ್ 4.74 ಸೆಕೆಂಡಿನಲ್ಲಿ ಹತ್ತಿದ. ಲೀಡ್‌ನಲ್ಲಿ ಹಗ್ಗವನ್ನು ಕ್ಲಿಪ್‌ಗೆ ಸಿಕ್ಕಿಸುತ್ತಾ ಹೋಗಬೇಕು. ಆರು ನಿಮಿಷದೊಳಗೆ ಯಾವ ಹೋಲ್ಡ್‌ವರೆಗೆ ಮುಟ್ಟಿದೆ ಅನ್ನೋದೇ ಅಂಕ. ಬೋಲ್ಡರಿಂಗ್‌ನಲ್ಲಿ ಹಗ್ಗ ಇಲ್ಲ. ಗೋಡೆ ಗಿಡ್ಡ, ಕೆಳಗೆ ದಪ್ಪ ಮ್ಯಾಟ್. ಆದರೆ ಒಂದೊಂದು ಹೆಜ್ಜೆಯೂ ಕಷ್ಟ, ಹೋಲ್ಡ್‌ಗಳು ಕೆಲವು ಸಲ ಬೆರಳ ತುದಿ ಮಾತ್ರ ಕೂರುವಷ್ಟು ಸಣ್ಣವು.

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ಗೆ ಈ ಆಟ ಸೇರಿದ ಮೇಲೆ ನಮ್ಮಂಥ ಊರುಗಳಲ್ಲೂ ಹುಡುಗರು ಶುರು ಮಾಡಿದರು. ದೇಶದಲ್ಲಿ ಇದರ ಹೊಣೆ ದೆಹಲಿಯ ಇಂಡಿಯನ್ ಮೌಂಟೇನಿಯರಿಂಗ್ ಫೌಂಡೇಶನ್‌ದು. ಮೊದಲು ವಲಯ ಮಟ್ಟದ ಸ್ಪರ್ಧೆ, ಅಲ್ಲಿ ಮೇಲೆ ಬಂದವರಿಗೆ ನ್ಯಾಷನಲ್ಸ್. ಸ್ಪರ್ಧೆ ವಯಸ್ಸಿನ ಗುಂಪುಗಳಲ್ಲಿ ನಡೆಯುತ್ತದೆ. ಈ ಕೊನೇ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಎತ್ತರ ಇಲ್ಲದ ಗೋಡೆ

ಹುಡುಗ ಪ್ರಾಕ್ಟೀಸ್ ಮಾಡುತ್ತಿದ್ದುದು ಹಳೇ ಕಾಫಿ ಗೋಡೌನ್ ಒಳಗೆ. ಪಿ.ಟಿ. ಮೇಷ್ಟ್ರು ನಾಲ್ಕಾರು ಜನರ ಹತ್ತಿರ ದುಡ್ಡು ಎತ್ತಿ, ಮುಂದಕ್ಕೆ ವಾಲಿದ ಒಂದು ಪ್ಲೈವುಡ್ ಗೋಡೆ ನಿಲ್ಲಿಸಿದ್ದರು. ಎತ್ತರ ನಾಲ್ಕು ಮೀಟರ್. ಅಷ್ಟು ಮಾಡಿದ್ದೇ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಗ್ಗ ಹಾಕಿ ಹತ್ತಬೇಕು ಅಂದರೆ ಬೆಂಗಳೂರಿನ ಕಂಠೀರವ ಸ್ಟೇಡಿಯಂಗೇ ಹೋಗಬೇಕು. ಇಲ್ಲಿಂದ ಸುಮಾರು 245 ಕಿಲೋಮೀಟರ್. ತಿಂಗಳಿಗೊಂದು ಸಲ ಹೋದರೆ ಹೆಚ್ಚು.

ಬೇಸಿಗೆಯಲ್ಲಿ ಪರವಾಗಿರಲಿಲ್ಲ. ಊರಾಚೆ ಬಂಡೆಗಳಿವೆ, ರಜೆಯಲ್ಲಿ ಒಮ್ಮೆ ಬದಾಮಿಗೂ ಹೋಗಿ ಬಂದಿದ್ದರು. ಜೂನ್ ಬಂತು ನೋಡಿ, ಎಲ್ಲಾ ಬಂದ್. ಮೂಡಿಗೆರೆ ಕಡೆಯ ಮಳೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಬಂಡೆಯ ಮೇಲೆ ಪಾಚಿ, ಗೋಡೌನ್‌ನಲ್ಲೂ ತೇವ. ಪ್ಲೈವುಡ್ ಮೇಲಿನ ಹೋಲ್ಡ್‌ಗಳು ಬೆವರಿದಂತೆ ಜಾರುತ್ತವೆ, ಚಾಕ್ ಪುಡಿ ಹಾಕಿದರೆ ಮುದ್ದೆಯಾಗುತ್ತದೆ. ಝೋನ್ ಸ್ಪರ್ಧೆ ಇದ್ದದ್ದು ಮಳೆಗಾಲ ಮುಗಿಯುವ ಹೊತ್ತಿಗೆ.

ಹೀಗಿರುವಾಗ ಹುಡುಗ ಮೊಬೈಲ್‌ನಲ್ಲಿ ಕ್ಯಾಂಪಸ್ ಬೋರ್ಡ್ ನೋಡಿದ. ಮುಂದಕ್ಕೆ ವಾಲಿದ ಹಲಗೆಗೆ ಏಣಿಯ ಮೆಟ್ಟಿಲಿನಂತೆ ತೆಳು ಮರದ ಪಟ್ಟಿ ಹೊಡೆದಿರುತ್ತಾರೆ. ಕಾಲು ಇಡೋ ಹಾಗಿಲ್ಲ. ಬೆರಳಿನಲ್ಲೇ ನೇತಾಡುತ್ತಾ ಒಂದು ಪಟ್ಟಿಯಿಂದ ಮೇಲಿನದಕ್ಕೆ ಚಿಮ್ಮಬೇಕು. ಎಸ್ಟೇಟಿನಲ್ಲಿ ಸಿಲ್ವರ್ ಓಕ್ ಮರಕ್ಕೇನು ಬರ? ಆಚಾರಿಯೊಬ್ಬರು ಪಟ್ಟಿಗಳನ್ನು ಸೀಳಿ, ಅಂಚನ್ನು ಸ್ವಲ್ಪ ಉಜ್ಜಿ ಕೊಟ್ಟರು. ಎರಡು ಸೆಂಟಿಮೀಟರ್ ಅಂಚು. ಮರ ಆದ್ದರಿಂದ ತೇವದಲ್ಲೂ ಅಷ್ಟು ಜಾರುವುದಿಲ್ಲ. ಗೋಡೌನ್‌ನಲ್ಲಿ ಮಳೆಗಾಲ ಪೂರ್ತಿ ನೆಟ್ಟಗೆ ಮಾಡಬಹುದಾಗಿದ್ದ ಕೆಲಸ ಅದೊಂದೇ.

ಈ ಬೋರ್ಡಿನ ಕಥೆ ತಿಳಿದಿರುವುದು ಒಳ್ಳೆಯದು. ಜರ್ಮನಿಯ ವುಲ್ಫ್‌ಗಾಂಗ್ ಗುಲಿಚ್ ಅನ್ನುವ ಕ್ಲೈಂಬರ್ ಇದನ್ನು 1988ರಲ್ಲಿ ತನಗೋಸ್ಕರ ಮಾಡಿಕೊಂಡದ್ದು. ಆಗ ಅವನಿಗೆ 27-28 ವರ್ಷ, ಜಗತ್ತಿನಲ್ಲೇ ಅತಿ ಗಟ್ಟಿ ಬೆರಳಿನವರಲ್ಲಿ ಒಬ್ಬ. ಅಂದರೆ ಇದು ಮೂಳೆ ಪೂರ್ತಿ ಬಲಿತವರ ಸಾಮಾನು. ಪರ್ವತಾರೋಹಣದ ಅಂತರರಾಷ್ಟ್ರೀಯ ಒಕ್ಕೂಟದ ವೈದ್ಯರ ತಂಡ 18ರ ಒಳಗಿನವರು ಇದನ್ನು ಮಾಡಬಾರದು ಅಂತಲೇ ಹೇಳಿದೆ. ಆದರೆ ವಿಡಿಯೋದಲ್ಲಿ ಆ ಮಾತು ಬರುವುದಿಲ್ಲ. ಹಿನ್ನೆಲೆ ಸಂಗೀತ ಬರುತ್ತದೆ, ಅಷ್ಟೇ.

ಇನ್ನೊಂದು ಸಂಗತಿ ಅಜ್ಜಿ ಹೇಳಿದ್ದು. ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಪ್ಯಾಂಟು ಸೆಪ್ಟೆಂಬರ್ ಹೊತ್ತಿಗೆ ಗಿಡ್ಡವಾಗಿ ಹೋಗಿತ್ತು. "ಹುಡ್ಗ ಬಿದಿರು ಬೆಳೆದ ಹಾಗೆ ಬೆಳೀತಾ ಇದಾನೆ" ಅಂತ ಅವರು ಖುಷಿಯಿಂದಲೇ ಹೇಳಿದರು. ನಾನು ಅದನ್ನು ಕೇಸ್ ಶೀಟಿನಲ್ಲಿ ಅಡಿಗೆರೆ ಹಾಕಿ ಬರೆದುಕೊಂಡೆ.

ನೋವು ಬಂದ ರೀತಿ

ಬಿದ್ದದ್ದಲ್ಲ, ಬೆರಳು ಎಲ್ಲೂ ಸಿಕ್ಕಿಹಾಕಿಕೊಂಡದ್ದೂ ಅಲ್ಲ. "ಟಕ್" ಅಂತ ಶಬ್ದ ಬಂದ ನೆನಪಿಲ್ಲ. ಜುಲೈ ಕೊನೆಯಲ್ಲಿ ಪ್ರಾಕ್ಟೀಸ್ ಆದ ಮೇಲೆ ಬೆರಳು ಬಿಗಿ ಅನ್ನಿಸುತ್ತಿತ್ತು. ಆಮೇಲೆ ಬೆಳಿಗ್ಗೆ ಎದ್ದಾಗಲೂ ಬಿಗಿ. ಆಮೇಲೆ ಬಕೆಟ್ ಎತ್ತಿದರೂ ನೋವು.

ಮನೆಯಲ್ಲಿ ಉಳುಕು ಅಂದುಕೊಂಡರು. ಅಜ್ಜಿ ಎಣ್ಣೆ ಹಚ್ಚಿ ನೀವಿದರು. ಗೊತ್ತಿರುವ ಒಬ್ಬರು ಬೆರಳು ಎಳೆದು ನೆಟಿಕೆ ತೆಗೆದರು, ಎರಡು ದಿನ ಊತ ಜಾಸ್ತಿಯಾಯಿತು. ಒಂದು ಕ್ಲಿನಿಕ್‌ನಲ್ಲಿ ನೋವಿನ ಮಾತ್ರೆ, ಮೇಲೆ ಹಚ್ಚೋಕೆ ಜೆಲ್ ಕೊಟ್ಟು ಕಳಿಸಿದರು. ಕ್ಲೈಂಬಿಂಗ್ ಮಾಡ್ತೀಯಾ ಅಂತ ಯಾರೂ ಕೇಳಲಿಲ್ಲ, ಹುಡುಗನೂ ಹೇಳಲಿಲ್ಲ. ಹೇಳಿದರೆ ಬೇಡ ಅಂತಾರೆ ಅಂತ ಅವನಿಗೆ ಗೊತ್ತಿತ್ತು. ಝೋನ್ ಸ್ಪರ್ಧೆಯ ದಿನ ಮಾತ್ರೆ ನುಂಗಿ, ಬೆರಳಿಗೆ ಟೇಪ್ ಸುತ್ತಿ ಹತ್ತಿದ. ಸೆಲೆಕ್ಟೂ ಆದ.

ಕೈ ನೋಡಿದಾಗ

ಎರಡೂ ಕೈಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಡಿಸಿದೆ. ಬಲಗೈ ನಡುಬೆರಳಿನ ನಡುವಿನ ಗೆಣ್ಣು ಎಡಗೈಯದಕ್ಕಿಂತ ದಪ್ಪ. ಗೆಣ್ಣಿನ ಮೇಲಿನ ಚರ್ಮದ ಸುಕ್ಕುಗಳು ಊತಕ್ಕೆ ಅಳಿಸಿಹೋಗಿ ನುಣ್ಣಗೆ ಹೊಳೆಯುತ್ತಿದ್ದವು. ಅಂಗೈ ಕಡೆಯಿಂದ ಬೆರಳ ಬುಡದಿಂದ ತುದಿವರೆಗೆ ಒತ್ತುತ್ತಾ ಹೋದೆ. ಏನೂ ಇಲ್ಲ. ಬೆರಳ ಹಿಂಬದಿಗೆ ಬಂದು, ಗೆಣ್ಣಿನಿಂದ ಒಂದು ಕೂದಲೆಳೆ ಮುಂದೆ ನನ್ನ ಉಗುರ ತುದಿಯಿಂದ ಒತ್ತಿದೆ. ಕೈ ಹಿಂದಕ್ಕೆ ಎಳೆದುಕೊಂಡ.

"ಹೋಲ್ಡ್ ಹೇಗೆ ಹಿಡೀತೀಯಾ, ತೋರ್ಸು ಪುಟ್ಟ" ಅಂದೆ. ಮೇಜಿನ ಅಂಚನ್ನು ಹಿಡಿದು ತೋರಿಸಿದ. ಬೆರಳ ನಡುಗೆಣ್ಣು ಚೂಪಾಗಿ ಮೇಲೆದ್ದಿತ್ತು, ತುದಿಗೆಣ್ಣು ಹಿಂದಕ್ಕೆ ಬಾಗಿತ್ತು, ಹೆಬ್ಬೆರಳು ತೋರುಬೆರಳಿನ ಮೇಲೆ ಬೀಗ ಹಾಕಿದಂತೆ ಕೂತಿತ್ತು. ಕ್ಲೈಂಬರ್‌ಗಳು ಇದನ್ನು ಫುಲ್ ಕ್ರಿಂಪ್ ಅನ್ನುತ್ತಾರೆ. ಸಣ್ಣ ಅಂಚಿಗೆ ಇದರಷ್ಟು ಗಟ್ಟಿ ಹಿಡಿತ ಇನ್ನೊಂದಿಲ್ಲ. "ಬೋರ್ಡಲ್ಲೂ ಹೀಗೇನಾ?" ಅಂದೆ. ಹೂಂ ಅಂದ.

ದೊಡ್ಡವರ ಬೆರಳಿಗೂ ಮಕ್ಕಳ ಬೆರಳಿಗೂ ಇರುವ ವ್ಯತ್ಯಾಸ ಇಲ್ಲೇ. ದೊಡ್ಡ ಕ್ಲೈಂಬರ್‌ಗಳಿಗೆ ಸಾಮಾನ್ಯವಾಗಿ ಏಟಾಗುವುದು ಅಂಗೈ ಕಡೆ. ಸ್ನಾಯುರಜ್ಜುವನ್ನು ಮೂಳೆಗೆ ಒತ್ತಿ ಹಿಡಿದಿರುವ ಪುಲ್ಲಿ ಅನ್ನುವ ಪಟ್ಟಿಗಳು ಹರಿಯುತ್ತವೆ. ಬೆಳೆಯುವ ಮಕ್ಕಳಲ್ಲಿ ಆ ಪಟ್ಟಿಗಿಂತ ಮೂಳೆಯ ಗ್ರೋತ್ ಪ್ಲೇಟೇ ದುರ್ಬಲ. ಮೂಳೆ ಉದ್ದವಾಗುವುದು ಇದೇ ಜಾಗದಲ್ಲಿ. ಇದು ಪೂರ್ತಿ ಮೂಳೆಯಾಗದ, ಮೆದು ಪದರ. ಬೆರಳಿನ ನಡು ಮೂಳೆಯಲ್ಲಿ ಅದು ಗೆಣ್ಣಿನ ಪಕ್ಕದಲ್ಲೇ ಇದೆ. ಫುಲ್ ಕ್ರಿಂಪ್ ಹಿಡಿದಾಗ ಗೆಣ್ಣು 90 ಡಿಗ್ರಿಗಿಂತ ಜಾಸ್ತಿ ಮಡಚಿಕೊಂಡು, ಒತ್ತಡವೆಲ್ಲ ಆ ಪದರದ ಹಿಂಬದಿಯ ಅಂಚಿಗೆ ಬೀಳುತ್ತದೆ. ಒಂದು ಸಲಕ್ಕೆ ಮುರಿಯುವುದಿಲ್ಲ. ಮತ್ತೆ ಮತ್ತೆ ಬಿದ್ದು ಬಿದ್ದು ಬಿರುಕು ಬಿಡುತ್ತದೆ. ಹೆಚ್ಚಿನ ಸಲ ಅದು ನಡುಬೆರಳೇ. ಹುಡುಗರಲ್ಲಿ 14-15ನೇ ವಯಸ್ಸು, ಅಂದರೆ ದಿಢೀರ್ ಅಂತ ಎತ್ತರ ಆಗುವ ಕಾಲವೇ ಇದಕ್ಕೂ ಕಾಲ.

ಹಾಗಾಗಿ ಕ್ಲೈಂಬಿಂಗ್ ಮಾಡುವ ಮಗುವಿಗೆ ಬೆರಳ ಹಿಂಬದಿಯಲ್ಲಿ, ಏಟಿಲ್ಲದೆ, ನಿಧಾನವಾಗಿ ನೋವು ಬಂದಿದ್ದರೆ ಮೊದಲು ಗ್ರೋತ್ ಪ್ಲೇಟನ್ನೇ ಅನುಮಾನಿಸಬೇಕು. ಉಳುಕು ಅನ್ನೋದು ಆಮೇಲಿನ ಮಾತು.

ಎಕ್ಸ್‌ರೇ ತೆಗೆಸಿದೆವು, ಎರಡೂ ಕೈದು, ನಡುಬೆರಳಿನ ಪಕ್ಕದ ನೋಟವೂ ಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ರಿಪೋರ್ಟ್ ನಾರ್ಮಲ್ ಅಂತ ಬಂತು. ಅಪ್ಪನ ಮುಖ ಅರಳಿತು. ಆದರೆ ಈ ತೊಂದರೆಯಲ್ಲಿ ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ನೋವು ಕೂತಿರುವ ಜಾಗ ಅಷ್ಟು ಸ್ಪಷ್ಟವಾಗಿರುವಾಗ ನಾರ್ಮಲ್ ಅನ್ನೋ ಕಾಗದ ನಂಬಿಕೊಂಡು ಕೂರೋಕಾಗಲ್ಲ. ಮಂಗಳೂರಿನ ಕೈ ಸರ್ಜನ್ ಒಬ್ಬರಿಗೆ ಪತ್ರ ಬರೆದುಕೊಟ್ಟೆ. ಚಾರ್ಮಾಡಿ ಘಾಟಿ ಇಳಿದು ಹೋದರು. ಹೋಗುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದದ್ದನ್ನು ಹುಡುಗ ಆಸ್ಪತ್ರೆಗಿಂತ ಹೆಚ್ಚು ವಿವರವಾಗಿ ಹೇಳಿದ, ಇರಲಿ. ಎಂ.ಆರ್.ಐ.ಯಲ್ಲಿ ಗ್ರೋತ್ ಪ್ಲೇಟಿನ ಹಿಂಬದಿ ಊತ, ಕೀಲಿನ ಕಡೆಗೆ ಹೋಗುವ ಒಂದು ತೆಳು ಬಿರುಕು ಕಂಡಿತು. ಮೂಳೆಯ ಚೂರು ಜಾಗ ಬಿಟ್ಟು ಸರಿದಿರಲಿಲ್ಲ. ಆಪರೇಷನ್ ಬೇಡ, ಹತ್ತೋದನ್ನು ಪೂರ್ತಿ ನಿಲ್ಲಿಸಿ ಅಂದರು ಸರ್ಜನ್.

ಹೋಗಬೇಕಾ, ಬೇಡವಾ

ಅಪ್ಪ, ಪಿ.ಟಿ. ಮೇಷ್ಟ್ರು, ಹುಡುಗ ಮೂವರೂ ಮತ್ತೆ ಬಂದರು. ಈಗ ನ್ಯಾಷನಲ್ಸ್‌ಗೆ ನಾಲ್ಕೂವರೆ ವಾರ.

ಅಪ್ಪನ ವಾದ ದಡ್ಡತನದ್ದೇನಲ್ಲ. "ಮೇಡಂ, ಅಲ್ಲಿ ಹತ್ತೋದು ಎರಡ್ಮೂರು ದಿನ. ಅಲ್ಲೀವರೆಗೆ ಪೂರ್ತಿ ರೆಸ್ಟ್ ಕೊಡ್ತೀವಿ. ಅಲ್ಲಿ ಟೇಪ್ ಸುತ್ಕೊಂಡು ಹತ್ಲಿ. ಬಂದ್ಮೇಲೆ ಆರು ತಿಂಗಳು ಬೇಕಾದ್ರೂ ಕೂರ್ಲಿ. ಒಂದು ನ್ಯಾಷನಲ್ ಸರ್ಟಿಫಿಕೇಟ್ ಅಂದ್ರೆ ಸುಮ್ನೆ ಬರುತ್ತಾ? ನಮ್ಮಂಥೋರ ಮಕ್ಳಿಗೆ ಮುಂದೆ ಎಲ್ಲಾದ್ರೂ ಉಪಯೋಗಕ್ಕೆ ಬರೋದು ಅದೇ ತಾನೆ?"

ಅವರಿಗೆ ನಾನು ಹೇಳಿದ್ದು ಇಷ್ಟು. ನಾಲ್ಕು ವಾರದಲ್ಲಿ ನೋವು ಕಡಿಮೆಯಾಗುತ್ತದೆ, ಅದೇ ಅಪಾಯ. ನೋವು ಹೋಗಿರುತ್ತದೆ, ಬಿರುಕು ಕೂಡಿರುವುದಿಲ್ಲ. ಸ್ಪರ್ಧೆಯ ದಿನ ಹುಡುಗ ತನ್ನ ಶಕ್ತಿಯೆಲ್ಲ ಹಾಕಿ ಅದೇ ಬೆರಳಲ್ಲಿ ನೇತಾಡುತ್ತಾನೆ. ಟೇಪ್ ಅಂಗೈ ಕಡೆಯ ಪಟ್ಟಿಗೆ ಸ್ವಲ್ಪ ಆಸರೆ ಕೊಡಬಹುದು, ಗ್ರೋತ್ ಪ್ಲೇಟಿಗೆ ಅದರಿಂದ ಏನೂ ಇಲ್ಲ. ಬಿರುಕು ಸರಿದರೆ ಬೆರಳು ಸೊಟ್ಟ ಬೆಳೆಯಬಹುದು, ಬೆಳವಣಿಗೆ ಅಲ್ಲಿಗೇ ನಿಂತುಹೋಗಬಹುದು, ಕೀಲು ಚಿಕ್ಕ ವಯಸ್ಸಿಗೇ ಸವೆಯಬಹುದು. ಬೇಗ ಗೊತ್ತಾಗಿ ನಿಲ್ಲಿಸಿದರೆ ಮಾತ್ರ ಇದು ಸಾಮಾನ್ಯವಾಗಿ ಚೆನ್ನಾಗಿ ವಾಸಿಯಾಗುವ ತೊಂದರೆ.

ಮೇಷ್ಟ್ರು ಇನ್ನೊಂದು ದಾರಿ ಹುಡುಕಿಕೊಂಡು ಬಂದಿದ್ದರು. ಸ್ಪೀಡ್‌ನಲ್ಲಿ ಕೈ ಹೋಲ್ಡ್‌ಗಳೆಲ್ಲ ದೊಡ್ಡವು, ಕ್ರಿಂಪ್ ಮಾಡೋ ಪ್ರಶ್ನೆಯೇ ಇಲ್ಲ. ವ್ಯವಸ್ಥಾಪಕರನ್ನು ಕೇಳಿಕೊಂಡು ಅದೊಂದಕ್ಕೆ ಸೇರಿಸಬಹುದಾ ಅಂತ ನೋಡ್ತೀನಿ ಅಂದರು. ಇದನ್ನು ನಾನು ತಕ್ಷಣ ತಳ್ಳಿಹಾಕಲಿಲ್ಲ, ಯಾಕೆಂದರೆ ಹೋಲ್ಡಿನ ವಿಷಯದಲ್ಲಿ ಅವರು ಹೇಳಿದ್ದು ಸರಿ. ಆದರೆ ಸ್ಪೀಡ್‌ನಲ್ಲಿ ಕೈ ಹೋಲ್ಡನ್ನು ಮೆಲ್ಲಗೆ ಹಿಡಿಯುವುದಿಲ್ಲ, ಓಡುತ್ತಾ ಹೊಡೆಯುತ್ತದೆ. ಗುರಿ ತಪ್ಪಿದರೆ ಬೆರಳು ಎಲ್ಲಿ ಬಡಿಯುತ್ತದೋ ಹೇಳೋಕಾಗಲ್ಲ. ಮೇಲಾಗಿ ಹುಡುಗ 15 ಮೀಟರ್ ಸ್ಪೀಡ್ ಗೋಡೆಯನ್ನು ಬೆಂಗಳೂರಿಗೆ ಹೋದಾಗ ಮುಟ್ಟಿದ್ದಷ್ಟೇ. ಆ ದಾರಿಯನ್ನೇ ವರ್ಷಗಟ್ಟಲೆ ಉಜ್ಜಿದವರ ಪಕ್ಕ ಇವನನ್ನು ನಿಲ್ಲಿಸಿ, ಇರೋ ಬೆರಳನ್ನೂ ಪಣಕ್ಕಿಡೋದು ಯಾವ ಲೆಕ್ಕ? ಫೋನಿನಲ್ಲಿ ಸರ್ಜನ್ ಕೂಡ ಬೇಡ ಅಂದರು.

ಅಲ್ಲಿವರೆಗೆ ಸುಮ್ಮನಿದ್ದ ಹುಡುಗ ಆಗ ಬಾಯಿ ಬಿಟ್ಟ. "ಮುಂದಿನ ವರ್ಷ ನಾನು ದೊಡ್ಡೋರ ಗುಂಪಿಗೆ ಹೋಗ್ತೀನಿ, ಅಲ್ವಾ ಸಾರ್?"

ಮೇಷ್ಟ್ರು ಹೌದು ಅಂದರು. ನಾವು ದೊಡ್ಡವರು ಬೆರಳು, ಸರ್ಟಿಫಿಕೇಟು ಅಂತ ಮಾತಾಡುತ್ತಿದ್ದೆವು. ಅವನು ಹಾಕಿದ್ದ ಲೆಕ್ಕವೇ ಬೇರೆ, ಅದು ಸರಿಯಾಗಿಯೂ ಇತ್ತು. ಈ ಗುಂಪಿನಲ್ಲಿ ಇದು ಅವನ ಕೊನೇ ವರ್ಷ. ಸಣ್ಣವರ ನಡುವೆ ದೊಡ್ಡವನಾಗಿ ನಿಲ್ಲುವ ಅವಕಾಶ ಮುಗಿಯಿತು, ಮುಂದಿನ ಸಲ ದೊಡ್ಡವರ ನಡುವೆ ಸಣ್ಣವನು. ಗುಂಪಿನ ಕೊನೇ ವರ್ಷ ಅಂದರೆ ಎಲ್ಲ ಕೋಚ್‌ಗಳೂ, ಎಲ್ಲ ಅಪ್ಪ ಅಮ್ಮಂದಿರೂ "ಈ ಸಲ ಬಿಟ್ಟರೆ ಇಲ್ಲ" ಅನ್ನುತ್ತಾರೆ. ಹುಡುಗರಲ್ಲಿ ಅದೇ ವರ್ಷ ಮೂಳೆ ಅತಿ ಮೆದುವಾಗಿರುತ್ತದೆ. ಗುಂಪು ಮಾಡಿದವರು ಬೇಕಂತ ಹೀಗೆ ಮಾಡಿಲ್ಲ. ಆದರೆ ಝೋನ್‌ಗೂ ನ್ಯಾಷನಲ್ಸ್‌ಗೂ ನಡುವಿನ ಆ ಕೆಲವು ವಾರಗಳಲ್ಲಿ 14-15ರ ಹುಡುಗರು ಮನೆಯಲ್ಲಿ ಏನು ಪ್ರಾಕ್ಟೀಸ್ ಮಾಡುತ್ತಾರೆ ಅನ್ನುವುದನ್ನು ಯಾರೂ ನೋಡುವುದಿಲ್ಲ. ಆಯ್ಕೆ ಪಟ್ಟಿಯ ಜೊತೆ ಒಂದು ಪುಟದ ಸೂಚನೆ ಕೊಡಬಾರದಾ? ಇಂಥ ವ್ಯಾಯಾಮ ಬೇಡ, ಇಲ್ಲಿ ನೋವು ಬಂದರೆ ತೋರಿಸಿ ಅಂತ. ಅದಕ್ಕೇನೂ ಕೋಟಿ ಖರ್ಚಿಲ್ಲ.

ಒಂದು ವಾರ ಅಪ್ಪ ಫೋನ್ ಮಾಡಲಿಲ್ಲ. ಬೇರೆ ಎಲ್ಲಾದರೂ ಕರೆದುಕೊಂಡು ಹೋದರೇನೋ ಅಂದುಕೊಂಡೆ. ಆಮೇಲೆ ಅಮ್ಮ ಫೋನ್ ಮಾಡಿ "ಕಳ್ಸಲ್ಲ ಮೇಡಂ. ಅವ್ರನ್ನ ನಾನು ಒಪ್ಸಿದೀನಿ" ಅಂದರು. ಹೇಗೆ ಒಪ್ಪಿಸಿದರು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹತ್ತದ ತಿಂಗಳುಗಳು

ಬೆರಳಿಗೆ ಕೆಲವು ದಿನ ಸ್ಪ್ಲಿಂಟ್ ಹಾಕಿದ್ದು ಬಿಟ್ಟರೆ ಚಿಕಿತ್ಸೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಭಾರ ಬೀಳದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಕಷ್ಟ ಇದ್ದದ್ದು ಹುಡುಗನನ್ನು ಗೋಡೌನ್‌ನಿಂದ ದೂರ ಇಡುವುದರಲ್ಲಿ. ಪೂರ್ತಿ ಬೇಡ ಅಂದರೆ ಕದ್ದು ಹತ್ತುತ್ತಾನೆ ಅನ್ನಿಸಿ ಅವನಿಗೆ ಬೇರೆ ಕೆಲಸ ಕೊಟ್ಟೆವು. ಕಾಲು, ಸೊಂಟ, ಹೆಗಲಿನ ವ್ಯಾಯಾಮ. ಜೊತೆಗೆ ಮೇಷ್ಟ್ರು ಸಣ್ಣ ಮಕ್ಕಳಿಗೆ ಗೋಡೆಯ ಮೇಲೆ ದಾರಿ ಹಾಕುವ ಕೆಲಸ ವಹಿಸಿದರು. ಯಾವ ಹೋಲ್ಡ್ ಎಲ್ಲಿ, ಯಾವ ಕೈ ಮೊದಲು ಅಂತ ಅವನು ನೆಲದಲ್ಲಿ ನಿಂತೇ ಯೋಚಿಸಬೇಕಿತ್ತು. ಹೋಲ್ಡ್‌ಗಳನ್ನು ಬಿಗಿಯೋಕೆ ಬೇರೆ ಹುಡುಗ.

ಈ ಕೊನೇ ಕೆಲಸದಿಂದ ಲಾಭವೇ ಆಯಿತು ಅಂತ ಮೇಷ್ಟ್ರು ಹೇಳುತ್ತಾರೆ. ಲೀಡ್ ಫೈನಲ್‌ನಲ್ಲಿ ಸ್ಪರ್ಧಿಗಳನ್ನು ಐಸೋಲೇಷನ್‌ನಲ್ಲಿ ಕೂರಿಸಿ, ಹತ್ತುವ ಮೊದಲು ಕೆಲವೇ ನಿಮಿಷ ಗೋಡೆ ನೋಡೋಕೆ ಬಿಡುತ್ತಾರೆ. ಬೇರೆಯವರು ಹತ್ತುವುದನ್ನು ನೋಡೋ ಹಾಗಿಲ್ಲ. ದಾರಿ ಓದಲು ಬಂದವನಿಗೆ ಅಲ್ಲಿ ಬೆರಳ ಶಕ್ತಿ ಉಳಿಯುತ್ತದೆ. ನಾಲ್ಕು ಮೀಟರ್ ಗೋಡೆಯಲ್ಲಿ ಬೆಳೆದ ನಮ್ಮ ಹುಡುಗರಿಗೆ ಬೆರಳು ಗಟ್ಟಿ ಇರುತ್ತದೆ, ಈ ಅಭ್ಯಾಸ ಕಡಿಮೆ.

ಎರಡೂವರೆ ತಿಂಗಳ ನಂತರ ಒತ್ತಿದರೆ ನೋವಿರಲಿಲ್ಲ, ಗೆಣ್ಣು ಪೂರ್ತಿ ಮಡಚುತ್ತಿತ್ತು, ಮತ್ತೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಬಿರುಕು ಕೂಡಿತ್ತು. ದೊಡ್ಡ ಹೋಲ್ಡ್‌ಗಳ ಮೇಲೆ ಶುರು ಮಾಡಿದ. ಹಿಡಿತ ಬದಲಾಯಿಸಬೇಕಿತ್ತು. ಬೆರಳು ಮಡಚದೆ ತೆರೆದ ಕೈಯಲ್ಲಿ ಹಿಡಿಯುವುದು ಅವನಿಗೆ ಮೊದಲಿಗೆ ಎಡಗೈಯಲ್ಲಿ ಬರೆದಷ್ಟು ಬೇಜಾರು. ಮೊದಲು ಸಲೀಸಾಗಿ ಹತ್ತಿದ ದಾರಿಗಳಲ್ಲೇ ಬೀಳುತ್ತಿದ್ದ, ಸಿಟ್ಟು ಮಾಡಿಕೊಳ್ಳುತ್ತಿದ್ದ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಒಗ್ಗಿಹೋಯಿತು.

ಮುಂದಿನ ಸಲದ ಝೋನ್ ಸ್ಪರ್ಧೆಯಲ್ಲಿ ದೊಡ್ಡ ಗುಂಪಿನಲ್ಲಿ ನಿಂತ. ನ್ಯಾಷನಲ್ಸ್‌ಗೆ ಆಯ್ಕೆಯಾಗಲಿಲ್ಲ. ಬೆರಳಿಗೆ ಏನೂ ಆಗಲಿಲ್ಲ. ಅಪ್ಪನಿಗೆ ಇವತ್ತಿಗೂ ಆ ಸರ್ಟಿಫಿಕೇಟಿನ ಕೊರಗಿದೆ. ಸಿಕ್ಕಾಗಲೆಲ್ಲ ಎತ್ತುತ್ತಾರೆ. ಅವರ ಜಾಗದಲ್ಲಿದ್ದರೆ ನನಗೂ ಇರುತ್ತಿತ್ತೇನೋ.

ಸಿಲ್ವರ್ ಪಟ್ಟಿಯ ಬೋರ್ಡನ್ನು ಮೇಷ್ಟ್ರು ಬಿಚ್ಚಿಸಲಿಲ್ಲ, ಕಾಲೇಜು ಮುಗಿಸಿದ ಇಬ್ಬರು ಅದನ್ನು ಬಳಸುತ್ತಾರೆ. ಉಳಿದವರು ಮುಟ್ಟೋ ಹಾಗಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲ ಮಕ್ಕಳ ಎತ್ತರ ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಯಾರದಾದರೂ ಎತ್ತರ ದಿಢೀರ್ ಏರಿದರೆ ಆ ಮಗುವಿಗೆ ಸಣ್ಣ ಅಂಚಿನ ಹೋಲ್ಡ್‌ಗಳು ಬಂದ್, ವಾರದಲ್ಲಿ ಒಂದು ದಿನ ಪ್ರಾಕ್ಟೀಸ್ ಕಡಿತ. ಆ ಪುಸ್ತಕ ನೋಡಿಯೇ ಕಳೆದ ತಿಂಗಳು ಹನ್ನೆರಡರ ಹುಡುಗಿಯೊಬ್ಬಳನ್ನು ನನ್ನ ಹತ್ತಿರ ಕಳಿಸಿದ್ದರು. ಹುಡುಗಿಯರು ಬೇಗ ಎತ್ತರವಾಗುವುದರಿಂದ ಅವರಲ್ಲಿ ಈ ಅಪಾಯದ ಕಾಲವೂ ಎರಡು ವರ್ಷ ಮೊದಲೇ ಬರುತ್ತದೆ. ಅವಳ ಬೆರಳ ಹಿಂಬದಿಯಲ್ಲಿ ಒತ್ತಿದರೆ ನೋವಿಲ್ಲ, ಊತವಿಲ್ಲ. ಝೋನ್ ಸ್ಪರ್ಧೆಗೆ ಹೋಗಬಹುದು ಅಂತ ಬರೆದುಕೊಟ್ಟಿದ್ದೇನೆ, ಬಂದ ಮೇಲೆ ಮತ್ತೆ ತೋರಿಸಬೇಕು ಅನ್ನೋ ಷರತ್ತಿನ ಮೇಲೆ.